ದಾವಣಗೆರೆಯ ಸ್ಟೀಲ್ ವಾಟರ್ ಫಿಲ್ಟರ್, ಮೇರು ಪರ್ವತದ ತಪ್ಪಲಿನಲ್ಲಿ ನಾಲ್ಕು ವರ್ಷ

ನಾಲ್ಕು ವರ್ಷಗಳ ಹಿಂದೆ ದಾವಣಗೆರೆಯ ಚೌಕಿಪೇಟೆ ಕಡೆಯ ಪಾತ್ರೆ ಅಂಗಡಿಯೊಂದರಲ್ಲಿ 2,350 ರೂಪಾಯಿ ಕೊಟ್ಟು, ಕ್ಯಾಂಡಲ್ ಹಾಕುವ ಎರಡು ಅಂತಸ್ತಿನ ಸ್ಟೀಲ್ ವಾಟರ್ ಫಿಲ್ಟರ್ ಕೊಂಡಿದ್ದೆ. ನಮ್ಮ ಊರಿನ ಮನೆಗಳಲ್ಲಿ ಆರ್‌ಓ ಯಂತ್ರಗಳು ಗೋಡೆಗೇರಿದ ಮೇಲೆ ಇಂತಹ ಫಿಲ್ಟರುಗಳು ಅಟ್ಟ ಸೇರಿ ಬಹಳ ಕಾಲವಾಯಿತು. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದನ್ನು ಅಕ್ಕಿ ತುಂಬಿಡುವ ಡಬ್ಬಿ ಮಾಡಿಕೊಂಡವರನ್ನೂ ನಾನು ಬಲ್ಲೆ. ನಾನು ಕೊಂಡದ್ದು ಟಾಂಜಾನಿಯಾಕ್ಕೆ ಒಯ್ಯುವುದಕ್ಕಾಗಿ. ಅರೂಷಾ ಪಟ್ಟಣದ ಆಚೆ, ಮೇರು ಪರ್ವತದ ತಪ್ಪಲಿನಲ್ಲಿರುವ ಚರ್ಚಿನ ಆಸ್ಪತ್ರೆಯೊಂದಕ್ಕೆ ನನ್ನ ಯಜಮಾನರು ಎಕ್ಸ್-ರೇ, ಜನರೇಟರ್ ಮೊದಲಾದ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುವ ಮಿಷನರಿಯಾಗಿ ನೇಮಕಗೊಂಡಿದ್ದರು. ನಾನು ಮತ್ತು ಆಗ ಆರು ಹಾಗೂ ಮೂರು ವರ್ಷದವರಾಗಿದ್ದ ನಮ್ಮ ಇಬ್ಬರು ಮಕ್ಕಳು ಅವರ ಜೊತೆಗೆ ಹೊರಟೆವು. ಈಗ ರಜೆಯ ಮೇಲೆ ಊರಿಗೆ ಬಂದಿರುವಾಗ, ಆ ಫಿಲ್ಟರ್ ಅಲ್ಲಿ ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ವಿವರವಾಗಿ ಬರೆದಿಡಬೇಕೆನಿಸಿತು.

ಮಿಷನರಿ ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟೆಲ್ ಅವರಂತಹ ಯುರೋಪಿನವರು. ಕಿಟೆಲರನ್ನು ಕಳುಹಿಸಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವ ಮೊದಲೇ, 1828ರಲ್ಲಿ, ಇಂದಿನ ಘಾನಾ ದೇಶದ ಕರಾವಳಿಗೆ ನಾಲ್ವರನ್ನು ಕಳುಹಿಸಿತ್ತು. ಮೂರ್ನಾಲ್ಕು ವರ್ಷಗಳೊಳಗೆ ಆ ನಾಲ್ವರೂ ಕಾಯಿಲೆಬಿದ್ದು ತೀರಿಕೊಂಡರು. ಈ ಕಥೆಯನ್ನು ಚರ್ಚಿನಲ್ಲಿ ಎಂದೋ ಕೇಳಿದ್ದ ನಮ್ಮ ಅತ್ತೆಯವರೇ, ಬೇರೆ ಏನು ಬಿಟ್ಟರೂ ಫಿಲ್ಟರ್ ಬಿಡಬೇಡಿರೆಂದು ಹಠ ಹಿಡಿದವರು. ನಾನು ಮಿಕ್ಸಿ ಒಯ್ಯಬೇಕೆಂದಿದ್ದೆ. ಒಬ್ಬೊಬ್ಬರಿಗೆ 23 ಕಿಲೋದ ಎರಡು ಪೆಟ್ಟಿಗೆ ಎಂಬ ಲೆಕ್ಕದಲ್ಲಿ ಮಿಕ್ಸಿ ಉಳಿಯಿತು, ಫಿಲ್ಟರ್ ಹೊರಟಿತು.

ಅಂಗಡಿಯವರ ಸೇವೆಗೆ ಪೂರ್ಣ ಅಂಕ ಕೊಡಬೇಕಾದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಈ ಫಿಲ್ಟರಿನ ಜೀವ ಇರುವುದು ಅದರ ಬಿಳಿಯ ಪಿಂಗಾಣಿ ಕ್ಯಾಂಡಲಿನಲ್ಲಿ. ಕೈ ತಪ್ಪಿ ಬಿದ್ದರೆ ಹೋಳಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟರೂ ಅದು ಇದ್ದೂ ಇಲ್ಲದಂತೆ. ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಎರಡು ವಿಮಾನ, ಮತ್ತೆ ಹೊಂಡಬಿದ್ದ ಮಣ್ಣಿನ ರಸ್ತೆಯಲ್ಲಿ ಜೀಪು. ಇಷ್ಟು ದೂರ ಕ್ಯಾಂಡಲ್ ಒಡೆಯದೆ ತಲುಪುವುದು ಹೇಗೆಂದು ನಾನು ಕೇಳಿದಾಗ, ಅಂಗಡಿಯ ಹಿರಿಯರು "ಥರ್ಮಾಕೋಲ್ ಯಾಕ್ರಿ ಅಕ್ಕಾ, ನಮ್ಮೂರ ಮಂಡಕ್ಕಿ ಇಲ್ವಾ?" ಎಂದವರೇ ಹುಡುಗನನ್ನು ಓಡಿಸಿ ಮಂಡಕ್ಕಿ ತರಿಸಿದರು. ಎರಡು ಬಳಕೆಗೆ, ಎರಡು ಮೀಸಲಿಗೆ ಎಂದು ನಾಲ್ಕು ಕ್ಯಾಂಡಲುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಳಗಿನ ಪಾತ್ರೆಯೊಳಗೆ ನಿಲ್ಲಿಸಿ, ಸುತ್ತಲೂ ಮಂಡಕ್ಕಿಯನ್ನು ಅದುಮಿ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿಕೊಟ್ಟರು. ನಾಲ್ಕೂ ಕ್ಯಾಂಡಲುಗಳು ಇಡಿಯಾಗಿ ತಲುಪಿದವು. ಮಂಡಕ್ಕಿ ಮೆತ್ತಗಾಗಿತ್ತು, ಇದ್ದಿಲ ಒಲೆಯ ಮೇಲೆ ಬೆಚ್ಚಗೆ ಮಾಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿ, ಹೊಸ ದೇಶದ ಮೊದಲ ಸಂಜೆಯ ತಿಂಡಿಗೆ ಅದನ್ನೇ ತಿಂದೆವು.

ಪಾತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೀಲು ದಪ್ಪವಾಗಿದೆ, ನಾಲ್ಕು ವರ್ಷಗಳಲ್ಲಿ ತುಕ್ಕಿನ ಒಂದು ಚುಕ್ಕೆಯೂ ಬಿದ್ದಿಲ್ಲ, ಮೇಲಿನ ಅಂತಸ್ತಿನಲ್ಲಿ ಹತ್ತು, ಕೆಳಗಿನದರಲ್ಲಿ ಹತ್ತು ಲೀಟರ್ ಹಿಡಿಯುತ್ತದೆ.

ಆ ಮನೆಯಲ್ಲಿ ನಮ್ಮ ದಿನ ಆರಂಭವಾಗುತ್ತಿದ್ದದ್ದೇ ಈ ಪಾತ್ರೆಯ ಮುಂದೆ. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಬೆಳಗಾಗುವುದರೊಂದಿಗೆ ಶುರುವಾಗುತ್ತದೆ. ನಮ್ಮ ಏಳು ಗಂಟೆ ಅವರಿಗೆ "ಸಾ ಮೋಜಾ", ಅಂದರೆ ಒಂದು ಗಂಟೆ. ಆ ಒಂದು ಗಂಟೆಯೊಳಗೆ ಮೇಲಿನ ಅಂತಸ್ತು ತುಂಬಿರಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಊಟಕ್ಕೆ ಕೂತಾಗ ಲೋಟ ಖಾಲಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಬಂದ ದಿನ, ಅಡುಗೆ ಎಣ್ಣೆ ತುಂಬಿ ಬರುವ 20 ಲೀಟರಿನ ಹಳದಿ ಕ್ಯಾನುಗಳನ್ನು, ಅಲ್ಲಿಯವರು "ಡೂಮು" ಎನ್ನುವುದನ್ನು, ಸಾಲಾಗಿ ತುಂಬಿಸಿಡುತ್ತಿದ್ದೆವು. ಕುಡಿಯುವ ಪಾಲನ್ನು ಹಿಂದಿನ ಸಂಜೆಯೇ "ಜೀಕೋ" ಎಂಬ ಇದ್ದಿಲ ಒಲೆಯ ಮೇಲೆ ಕುದಿಸಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಫಿಲ್ಟರಿಗೆ ಸುರಿಯುವುದು ನನ್ನ ಕೆಲಸ. ಕುದಿಸಿದ ಮೇಲೆ ಫಿಲ್ಟರ್ ಏಕೆಂದು ಊರಿನಲ್ಲಿ ಹಲವರು ಕೇಳಿದ್ದಾರೆ. ಕ್ಯಾಂಡಲಿನ ರಂಧ್ರಗಳು ಮಣ್ಣನ್ನು, ಬ್ಯಾಕ್ಟೀರಿಯಾವನ್ನು, ಆಮಶಂಕೆಗೆ ಕಾರಣವಾಗುವ ಅಮೀಬಾವನ್ನು ತಡೆಯುವಷ್ಟು ಸಣ್ಣವು. ವೈರಸ್ಸುಗಳು ಅದಕ್ಕಿಂತಲೂ ಸಣ್ಣವಾಗಿರುವುದರಿಂದ ಜಾರಿಹೋಗುತ್ತವೆ. ಅವುಗಳನ್ನು ಕೊಲ್ಲುವುದು ಕುದಿತ. ಇನ್ನು ಕುದಿಸಿದ ನೀರನ್ನು ಬಾಯಗಲದ ಕೊಡದಲ್ಲಿಟ್ಟು ಮಕ್ಕಳು ಲೋಟದ ಜೊತೆಗೆ ಬೆರಳನ್ನೂ ಅದ್ದಿದರೆ ಮಾಡಿದ್ದೆಲ್ಲ ವ್ಯರ್ಥ. ಮುಚ್ಚಳ ಮತ್ತು ನಲ್ಲಿ ಎರಡೂ ಇರುವ ಪಾತ್ರೆಯ ಬೆಲೆ ನನಗೆ ಗೊತ್ತಾದದ್ದು ಅಲ್ಲಿ.

ಮೊದಲ ಲೋಟ ರಾಗಿಗೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡೇ ಆದ್ದರಿಂದ ಅದನ್ನು ಹುಡುಕಿಕೊಂಡು ನಾವು ಅಲೆಯಬೇಕಾಗಿರಲಿಲ್ಲ. ಅಲ್ಲಿ ಅದಕ್ಕೆ "ಉಲೇಜಿ" ಎಂದು ಹೆಸರು, ಅದರ ತೆಳುವಾದ ಗಂಜಿಗೆ "ಊಜಿ". ಮಧ್ಯಾಹ್ನಕ್ಕೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, "ಉಗಾಲಿ". ಮೆಕ್ಕೆಜೋಳವೆಂದರೆ ಕೋಳಿ ಆಹಾರದ ಕಾರ್ಖಾನೆಗೆ ಹೋಗುವ ಹಳದಿ ಕಾಳು ಎಂದು ನಂಬಿ ಬೆಳೆದ ದಾವಣಗೆರೆಯವಳಿಗೆ ಅದನ್ನು ದಿನವೂ ಉಣ್ಣುವುದು ರೂಢಿಯಾಗಲು ಕೆಲವು ತಿಂಗಳು ಹಿಡಿಯಿತು. ಊಜಿಗೆ ಎರಡು ಲೀಟರ್, ಯಜಮಾನರ ಬಾಟಲಿಗೆ ಒಂದು, ಮಕ್ಕಳ ಬಾಟಲಿಗಳಿಗೆ ಒಂದು, ಹಲ್ಲುಜ್ಜಲು ಅರ್ಧ, ಉಳಿದದ್ದು ಅತಿಥಿಗಳಿಗೆ. ಮಿಷನರಿಯ ಮನೆಯೆಂದರೆ ಛತ್ರದಂತೆ. ಬಾಗಿಲ ಹೊರಗೆ "ಹೋಡಿ" ಎಂಬ ಕೂಗು ಕೇಳಿದರೆ ಒಳಗಿನಿಂದ "ಕರೀಬು" ಎನ್ನಲೇಬೇಕು, ಎಂದ ಮೇಲೆ ಕುಡಿಯಲು ಏನಾದರೂ ಕೊಡಲೇಬೇಕು. ತಾಯಂದಿರನ್ನು ಹಿರಿಯ ಮಗುವಿನ ಹೆಸರು ಸೇರಿಸಿ "ಮಾಮಾ" ಎಂದು ಕರೆಯುವ ಆ ಊರಿನಲ್ಲಿ ನನ್ನ ಸ್ವಂತ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ನೀರು ಕೊಡುವ ಬೆಳ್ಳಗಿನ ಪಾತ್ರೆಯೊಂದಿದೆ ಎಂಬುದು ನೆರೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಶಾಲೆ ಬಿಟ್ಟ ಹೊತ್ತಿನಲ್ಲಿ ಅದರ ಮುಂದೆ ಸರದಿ ನಿಲ್ಲುತ್ತಿತ್ತು. ಆಗ ಹತ್ತು ಲೀಟರ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ನಾಲ್ಕು ಜನರ ಮನೆಗೆ ಈ ಅಳತೆ ಸಾಕೆಂದು ಅಂಗಡಿಯಲ್ಲಿ ಹೇಳಿದ್ದು ನಾಲ್ಕೇ ಜನರು ಕುಡಿಯುವ ಮನೆಗೆ ಸರಿ; ಜನ ಬಂದು ಹೋಗುವ ಮನೆಯವರು ಇದಕ್ಕಿಂತ ದೊಡ್ಡದನ್ನು, ಮೂರು ಕ್ಯಾಂಡಲಿನದನ್ನು ಕೊಳ್ಳುವುದು ಲೇಸು.

ವೇಗದ ವಿಷಯದಲ್ಲಿ ಈ ಫಿಲ್ಟರಿನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ಹೊಸ ಕ್ಯಾಂಡಲುಗಳೆರಡು ಸೇರಿ ಗಂಟೆಗೆ ಮೂರು ಲೀಟರಿನಷ್ಟು ನೀರನ್ನು ಇಳಿಸುತ್ತಿದ್ದವು. ಮಾರ್ಚಿಯಿಂದ ಮೇ ತನಕದ ದೊಡ್ಡ ಮಳೆಗಾಲದಲ್ಲಿ, ನಲ್ಲಿಯ ನೀರು ಚಹಾದ ಬಣ್ಣಕ್ಕೆ ತಿರುಗಿದಾಗ, ವಾರ ಕಳೆಯುವುದರೊಳಗೆ ಅದು ಗಂಟೆಗೆ ಒಂದು ಲೀಟರಿಗೂ ಇಳಿಯುತ್ತಿತ್ತು. ಆಗ ಕ್ಯಾಂಡಲನ್ನು ಬಿಚ್ಚಿ ಮೆತ್ತನೆಯ ನಾರಿನಿಂದ, ಸೋಪಿಲ್ಲದೆ, ಹರಿಯುವ ನೀರಿನಲ್ಲಿ ಉಜ್ಜಬೇಕು. ಕಂದು ಪದರ ಕಳಚಿ ಒಳಗಿನ ಬಿಳುಪು ಮೇಲೆ ಬಂದೊಡನೆ ವೇಗವೂ ಮರಳುತ್ತದೆ. ಉಜ್ಜಿದಷ್ಟೂ ಕ್ಯಾಂಡಲ್ ಸವೆಯುತ್ತದೆ ಎನ್ನುವುದನ್ನು ಮರೆಯಬಾರದು. ನಮ್ಮಲ್ಲಿ ಒಂದು ಜೊತೆ ಎರಡು ವರ್ಷ ಬಂದಿತು. ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ಯಜಮಾನರು ಸೈಕಲ್ ಅಂಗಡಿಯ ವಿದ್ಯೆಯನ್ನೇ ಬಳಸಿದರು: ನೆನೆದ ಕ್ಯಾಂಡಲನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಅದರ ಕೊಳವೆಗೆ ಸಣ್ಣ ಪೈಪು ಸಿಕ್ಕಿಸಿ ಮೆಲ್ಲಗೆ ಊದಿದರೆ, ಸರಿಯಾದ ಕ್ಯಾಂಡಲಿನಿಂದ ಏನೂ ಹೊರಬರುವುದಿಲ್ಲ, ಬಿರುಕಿದ್ದಲ್ಲಿಂದ ಪಂಕ್ಚರಾದ ಟ್ಯೂಬಿನಂತೆ ಗುಳ್ಳೆಗಳ ಸಾಲು ಏಳುತ್ತದೆ.

ದೋಷವೆಂದು ಬೆರಳಿಟ್ಟು ತೋರಿಸಬಹುದಾದದ್ದು ಪ್ಲಾಸ್ಟಿಕ್ ನಲ್ಲಿ. ಐದನೇ ತಿಂಗಳಿಗೆ ಅದು ತೊಟ್ಟಿಕ್ಕಲು ಶುರುವಾಯಿತು, ಏಳನೇ ತಿಂಗಳಿಗೆ ಬೆಳಗಾಗುವಷ್ಟರಲ್ಲಿ ಕೆಳಗಿನ ಅಂತಸ್ತಿನ ಅರ್ಧ ನೀರು ನೆಲದ ಪಾಲಾಗಿರುತ್ತಿತ್ತು. ಹೊತ್ತು ತಂದು, ಇದ್ದಿಲು ಸುಟ್ಟು ಕುದಿಸಿ, ಗಂಟೆಗಟ್ಟಲೆ ಕಾದು ಇಳಿಸಿಕೊಂಡ ನೀರು ಹೀಗೆ ಹೋಗುವುದನ್ನು ನೋಡಿದವರಿಗಷ್ಟೇ ಆ ಸಂಕಟ ಗೊತ್ತು. ಪೆಟ್ಟಿಗೆಯ ಮೇಲಿದ್ದ ಗ್ರಾಹಕ ಸೇವೆಯ ಸಂಖ್ಯೆಗೆ ನನ್ನ ತಮ್ಮ ದಾವಣಗೆರೆಯಿಂದ ಮೂರು ಬಾರಿ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಕೊನೆಗೆ ಅರೂಷಾದ ಸಂತೆಯಲ್ಲಿ ಹಿತ್ತಾಳೆಯ ನಲ್ಲಿಯೊಂದನ್ನು ಕೊಂಡು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರ್ ಹಾಕಿ ಕೂರಿಸಿದೆವು. ಇಷ್ಟು ಬೆಲೆಯ ಪಾತ್ರೆಗೆ ತಯಾರಕರು ಮೊದಲೇ ಒಂದು ಹಿತ್ತಾಳೆ ನಲ್ಲಿ ಹಾಕಿ ನೂರು ರೂಪಾಯಿ ಹೆಚ್ಚು ತೆಗೆದುಕೊಂಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

ನಲ್ಲಿಯ ತೊಂದರೆ ಕಣ್ಣಿಗೆ ಕಾಣುವಂಥದ್ದು. ಇನ್ನೊಂದು ತೊಂದರೆ ಕಾಣುವಂಥದ್ದಲ್ಲ, ಅದನ್ನು ನಾನು ಎಂಟು ತಿಂಗಳು ಗಮನಿಸದೆ ಹೋದೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಒಂದು ದಿನ ನನ್ನ ಸ್ವಾಹಿಲಿ ಕೇಳಿ ನಗೆ ತಡೆಯಲಾಗದೆ, ಮೈಮೇಲಿನ ಕಾಂಗಾ ಬಟ್ಟೆಯ ಅಂಚನ್ನು ಎಳೆದು ಬಾಯಿ ಮುಚ್ಚಿಕೊಂಡಳು. ನನ್ನ ತಾಯಿ ನಗುವುದು ಹಾಗೆಯೇ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ ಬೋರಿನ ನೀರು ಕುಡಿದು ಬೆಳೆದ ಅವರ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಆ ಹೆಂಗಸು ಬಟ್ಟೆ ಸರಿಸಿದಾಗ ಕಂಡದ್ದೂ ಅವೇ ಕಂದು ಗೆರೆಗಳು. ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಮಕ್ಕಳಿಬ್ಬರನ್ನೂ ಕಿಟಕಿಯ ಬಳಿ ನಿಲ್ಲಿಸಿ ಬಾಯಿ ತೆರೆಸಿ ನೋಡಿದ್ದು.

ಜಗಳೂರು, ಚಿತ್ರದುರ್ಗದ ಕಡೆಯ ಗಟ್ಟಿ ಬಂಡೆಯ ಆಳದ ನೀರಿನಲ್ಲಿ, ಹೆಚ್ಚಾದರೆ ಹಲ್ಲಿಗೆ ಇಂತಹ ಕಲೆ ತರುವ ಫ್ಲೋರೈಡ್ ಇರುವಂತೆ, ಮೇರು ಪರ್ವತದ ಸುತ್ತಲಿನ ಜ್ವಾಲಾಮುಖಿ ಶಿಲೆಗಳಿಂದಲೂ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಯಜಮಾನರು ಮೂರು ಬಾಟಲಿಗಳಲ್ಲಿ, ನಲ್ಲಿಯ ನೀರು, ಕುದಿಸಿದ ನೀರು, ಫಿಲ್ಟರ್ ಆದ ನೀರು ಎಂದು ಚೀಟಿ ಅಂಟಿಸಿ ಪರೀಕ್ಷೆಗೆ ಕಳುಹಿಸಿದರು. ನಲ್ಲಿಯ ನೀರಿನಲ್ಲಿ 4 ಮಿಲಿಗ್ರಾಂಗಿಂತ ಹೆಚ್ಚಿತ್ತು. ಫಿಲ್ಟರ್ ಆದ ನೀರಿನಲ್ಲಿ ಅದು ಕಡಿಮೆಯಾಗಿರಲಿಲ್ಲ. ಕುದಿಸಿದ ನೀರಿನಂತೆಯೇ ಅದರಲ್ಲೂ ಒಂದು ಕೂದಲೆಳೆ ಹೆಚ್ಚೇ ಇತ್ತು. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಉಳಿದ ನೀರಿನಲ್ಲೇ ಉಳಿಯುತ್ತದೆ. ಅದು ನೀರಿನಲ್ಲಿ ಉಪ್ಪಿನಂತೆ ಕರಗಿರುವುದರಿಂದ ಕ್ಯಾಂಡಲಿನ ರಂಧ್ರ ಎಷ್ಟೇ ಸಣ್ಣದಾಗಿದ್ದರೂ ಅದನ್ನು ತಡೆಯಲಾರದು. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಎಂಟು ವರ್ಷದೊಳಗಿನ ಮಕ್ಕಳಿಗೇ ಅದರ ಕಲೆ ಬೀಳುವುದು. ನನ್ನ ಮಕ್ಕಳಿಬ್ಬರೂ ಅದೇ ವಯಸ್ಸಿನವರು, ಪೆಟ್ಟಿಗೆಯೊಳಗಿನ ಚೀಟಿಯ ಮೇಲೆ ಮಾತ್ರ "ಶೇಕಡಾ 100 ಸುರಕ್ಷಿತ ನೀರು" ಎಂದಿತ್ತು.

ಈ ಒಂದು ವಾಕ್ಯದ ಬಗ್ಗೆ ನನ್ನ ಆಕ್ಷೇಪ ಇಂದಿಗೂ ಆರಿಲ್ಲ. ಫಿಲ್ಟರ್ ತನ್ನ ಕೆಲಸದಲ್ಲಿ ಮೋಸ ಮಾಡಲಿಲ್ಲ. ಅದರ ಕೆಲಸವಲ್ಲದ್ದನ್ನೂ ಮಾಡುತ್ತದೆಂದು ಚೀಟಿ ಹೇಳಿತು. "ಫ್ಲೋರೈಡ್, ಉಪ್ಪಿನಂಶ ಹೋಗುವುದಿಲ್ಲ" ಎಂಬ ಮೂರು ಪದಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದರೆ ಎಂಟು ತಿಂಗಳು ಉಳಿಯುತ್ತಿದ್ದವು.

ಆರ್‌ಓ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ ನಿಜ. ಆದರೆ ಅದಕ್ಕೆ ಕರೆಂಟು ಬೇಕು, ನೀರಿನ ಒತ್ತಡ ಬೇಕು, ಒಂದು ಲೀಟರ್ ಕೊಡುವಷ್ಟರಲ್ಲಿ ಅದಕ್ಕಿಂತ ಹೆಚ್ಚು ನೀರನ್ನು ಚೆಲ್ಲುತ್ತದೆ; ಡೂಮಿನಲ್ಲಿ ಅಳೆದು ಬಳಸುವ ಮನೆಗೆ ಅದು ಹೊಂದುವುದಿಲ್ಲ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕಿಳಿಸುವ "ನಲ್ಗೊಂಡ ವಿಧಾನ" ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ "ನೀರಿ"ಯದು. ನಮ್ಮ ನೆರೆಯ ತೆಲಂಗಾಣದ ಜಿಲ್ಲೆಯೊಂದರ ಹೆಸರು ಹೊತ್ತ ಆ ವಿಧಾನವನ್ನು ಟಾಂಜಾನಿಯಾದಲ್ಲೂ ಪ್ರಯೋಗಿಸಿದ್ದಾರೆಂದು ಅಲ್ಲಿ ಕೇಳಿ ನನಗೆ ಅಚ್ಚರಿಯಾಯಿತು. ದಿನವೂ ಅಳತೆ ತಪ್ಪದೆ ಹಾಕಿ, ಕದಡಿ, ತಿಳಿಯಾಗಲು ಬಿಡುವ ತಾಳ್ಮೆ ಇದ್ದವರಿಗೆ ಅದು. ಅರೂಷಾದ ಹತ್ತಿರದ ಙುರ್ಡೋಟೋದಲ್ಲಿರುವ ಸಂಶೋಧನಾ ಕೇಂದ್ರವು ದನದ ಮೂಳೆ ಸುಟ್ಟ ಇದ್ದಿಲಿನಿಂದ ಫ್ಲೋರೈಡ್ ತೆಗೆಯುವ ವಿಧಾನದ ಮೇಲೆ ಕೆಲಸ ಮಾಡಿದೆ. ಅದು ಕೆಲಸ ಮಾಡುವುದು ಖಚಿತ. ಫೋನಿನಲ್ಲಿ ಇದನ್ನು ಹೇಳಿದಾಗ ವಿದ್ಯಾನಗರದ ನಮ್ಮ ಪಕ್ಕದ ಮನೆಯ ಅಜ್ಜಿ "ಏನವ್ವಾ, ಮೂಳೆ ತೊಳೆದ ನೀರು ಕುಡೀತಿಯೇನು?" ಎಂದವರು ಇಂದಿಗೂ ನನ್ನ ಕೈಯ ಕಾಫಿಯನ್ನು ಒಂದು ಕ್ಷಣ ನೋಡಿಯೇ ಕುಡಿಯುವುದು.

ನಾವು ಕಂಡುಕೊಂಡ ದಾರಿ ಚಿತ್ರದುರ್ಗದ ಕೋಟೆಯದು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಕೂಡಿಟ್ಟವರ ನಾಡಿನವರಿಗೆ ತಗಡಿನ ಮಾಡಿನ ನೀರು ಹಿಡಿಯುವುದು ಹೊಳೆಯಲು ಅಷ್ಟು ದಿನ ಬೇಕಾಗಬಾರದಿತ್ತು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಾಡಿನ ಅಂಚಿಗೆ ದೋಣಿ ಕಟ್ಟಿಸಿ, 5,000 ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇರಿಸಿದೆವು. ನಮ್ಮಲ್ಲಿ ಯಾವ ಟ್ಯಾಂಕನ್ನೂ ಸಿಂಟೆಕ್ಸ್ ಎನ್ನುವಂತೆ ಅಲ್ಲಿ ಯಾವುದನ್ನೂ ಸಿಮ್‌ಟ್ಯಾಂಕ್ ಎನ್ನುತ್ತಾರೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೂ ತುಂಬಿದ ಟ್ಯಾಂಕು 250 ದಿನ ಬರುತ್ತದೆ, ವರ್ಷಕ್ಕೆ ಎರಡು ಮಳೆಗಾಲವಿರುವ ಆ ಸೀಮೆಯಲ್ಲಿ ಅಷ್ಟು ಸಾಕು. ಮಾಡಿನ ನೀರಿನಲ್ಲಿ ಇರುವುದು ಧೂಳು, ಎಲೆ, ಹಕ್ಕಿಯ ಹಿಕ್ಕೆ, ಕ್ರಿಮಿ. ಅಂದರೆ ಕುದಿತ ಮತ್ತು ಕ್ಯಾಂಡಲ್ ಎರಡೂ ಸೇರಿ ನಿವಾರಿಸಬಲ್ಲವುಗಳೇ. ಉಳಿದ ಮೂರು ವರ್ಷಗಳಲ್ಲಿ ಫಿಲ್ಟರಿಗೆ ಹೋದದ್ದು ಆ ನೀರೊಂದೇ. ಜೊತೆಗೆ ಅಡುಗೆಯಲ್ಲೂ ಒಂದು ಬದಲಾವಣೆಯಾಯಿತು. ಸುಮಾರು 1,400 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಅವರೆಕಾಳಿನಂಥ ಕಾಳುಗಳು ಬೇಗ ಬೇಯುವುದಿಲ್ಲ. ಅದಕ್ಕಾಗಿ ಅಲ್ಲಿಯವರು ಅಡಿಗೆ ಸೋಡಾದಂತೆ "ಮಗಾಡಿ" ಎಂಬ ಸೌಳು ಉಪ್ಪನ್ನು ಹಾಕುತ್ತಾರೆ. ನೇಟ್ರನ್ ಸರೋವರದ ಕಡೆಯಿಂದ ಬರುವ ಆ ಉಪ್ಪಿನಲ್ಲೂ ಫ್ಲೋರೈಡ್ ಧಾರಾಳವಾಗಿದೆ. ನಾವು ಮಗಾಡಿ ಬಿಟ್ಟು ಕುಕ್ಕರಿನ ಸೀಟಿಯನ್ನು ನಂಬಿದೆವು.

ಮಗಳಿಗೆ ಈಗ ಹತ್ತು, ಮಗನಿಗೆ ಏಳು. ಮಗಳ ಹಲ್ಲು ಸ್ವಚ್ಛವಾಗಿವೆ. ಮಗನಿಗೆ ಹೊಸದಾಗಿ ಬಂದಿರುವ ಎರಡು ಮುಂದಿನ ಹಲ್ಲುಗಳ ಮೇಲೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಸುಣ್ಣದ ಬಿಳುಪಿನ ಮಚ್ಚೆಯಿದೆ. ಇಷ್ಟಕ್ಕೆ ಏನೂ ಆಗುವುದಿಲ್ಲವೆಂದು ದಂತವೈದ್ಯರು ಹೇಳಿದ್ದಾರೆ.

ಹೀಗಾಗಿ, ದಾವಣಗೆರೆ ನಗರದಲ್ಲಿ ನಲ್ಲಿಯ ಹೊಳೆನೀರು ಕುಡಿಯುವವರು, ಮಳೆನೀರು ಹಿಡಿಯುವವರು ಈ ಫಿಲ್ಟರನ್ನು ಧಾರಾಳವಾಗಿ ಕೊಳ್ಳಬಹುದು. ಕರೆಂಟಿನ ಹಂಗಿಲ್ಲ, ಒಂದು ಹನಿ ನೀರು ಪೋಲಾಗುವುದಿಲ್ಲ, ನಾಲ್ಕು ವರ್ಷಗಳಲ್ಲಿ ಕ್ಯಾಂಡಲ್, ನಲ್ಲಿ ಬಿಟ್ಟರೆ ಬೇರೆ ಖರ್ಚು ಬಂದಿಲ್ಲ. ಜಗಳೂರು, ಚಳ್ಳಕೆರೆ ಕಡೆ ಬೋರಿನ ನೀರನ್ನೇ ನಂಬಿದ ಮನೆಯವರು, ಅದರಲ್ಲೂ ಚಿಕ್ಕ ಮಕ್ಕಳಿರುವವರು, ಮೊದಲು ನೀರನ್ನು ಪರೀಕ್ಷೆ ಮಾಡಿಸಿ, ಫ್ಲೋರೈಡ್ ಹೆಚ್ಚಿದ್ದರೆ ಇದನ್ನು ಕೊಳ್ಳದೆ ಊರಿನ ಶುದ್ಧ ನೀರಿನ ಘಟಕದಿಂದಲೇ ಕ್ಯಾನು ತುಂಬಿಸಿಕೊಳ್ಳುವುದು ಸರಿ.

ಹೋದ ವಾರ ಬಿಡಿಭಾಗಗಳಿಗಾಗಿ ಅದೇ ಅಂಗಡಿಗೆ ಹೋಗಿದ್ದೆ. ಚೀಟಿಯ ವಿಷಯ ಹೇಳಿದಾಗ ಹಿರಿಯರು ಅದನ್ನು ಕನ್ನಡಕ ಏರಿಸಿ ಓದಿ, "ಕಂಪನಿಯೋರು ಬರ್ದಿದ್ದೇ ನಾವು ಹೇಳೋದು ಅಕ್ಕಾ, ನಮಗೇನು ಗೊತ್ತಾಗ್ತದೆ" ಎಂದರು; ಆದರೆ ಪಕ್ಕದಲ್ಲಿ ಇದೇ ಫಿಲ್ಟರನ್ನು ನೋಡುತ್ತಿದ್ದ ಗಿರಾಕಿಯನ್ನು "ನಿಮ್ದು ಬೋರಿನ ನೀರೋ, ನಲ್ಲಿ ನೀರೋ?" ಎಂದು ಕೇಳಲು ಮರೆಯಲಿಲ್ಲ. ಕ್ಯಾಂಡಲ್ ಈಗ ತಲಾ 180 ರೂಪಾಯಿ, ಆರು ಕೊಂಡೆ. ಹಿತ್ತಾಳೆ ನಲ್ಲಿ 220. ವಾಷರುಗಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಫಿಲ್ಟರ್ ಅಲ್ಲೇ ಇರುವುದರಿಂದ ಈ ಬಾರಿ ಕ್ಯಾಂಡಲುಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಿಲ್ಲಿಸಿ ಮಂಡಕ್ಕಿ ತುಂಬಿಸಿದರು, ಎರಡು ಸೇರು ಹಿಡಿಯಿತು. ತಿನ್ನುವುದಕ್ಕೆಂದು ಗರಿಗರಿಯಾದ ಇನ್ನೊಂದು ಪೊಟ್ಟಣವನ್ನು ಮಕ್ಕಳು ಬೇರೆಯೇ ಕಟ್ಟಿಸಿಕೊಂಡರು.